ನುಚ್ಚಿಲ್ಲದ ಹಚ್ಚಂಬಲಿ

ಮದುವೆಯಾಗಿ ಬಂದ ವರ್ಷ, ಭೂಮಿ ಹುಣ್ಣಿಮೆಯ ಬೆಳಗ್ಗೆ ನಾನು ಅತ್ತೆಗೆ ಒಂದು ಮಾತು ಕೊಟ್ಟಿದ್ದೆ. ಗದ್ದೆಗೆ ಬಡಿಸಲು ಅಡುಗೆ ಮಾಡಿದವಳು ಬದುವಿನ ಮೇಲೆ ಕೂತು ಅದೇ ಊಟ ಉಣ್ಣಬೇಕು, ಸೊಪ್ಪಿನ ಹಚ್ಚಂಬಲಿಯನ್ನೂ ಅಕ್ಕಿ ಕಡುಬನ್ನೂ. ಬದುಕಿರುವವರೆಗೆ ತಪ್ಪಿಸಬಾರದು ಎಂದು ಅತ್ತೆ ಯಮುನಮ್ಮ ಕೇಳಿದ್ದರು. ಆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ, ನಮ್ಮವರಿಗೆ ಅದು ಬಸುರಿ. ಬಸುರಿಗೆ ಬಯಕೆಯೂಟ ಬಡಿಸಿ ತಾನು ಉಣ್ಣದೆ ಎದ್ದು ಹೋದರೆ ಅವಮಾನ ಎಂಬುದು ಅತ್ತೆಯ ನ್ಯಾಯ. ಕಡುಬು ತಿನ್ನಲು ಯಾರಾದರೂ ಆಣೆ ಮಾಡಿಸಬೇಕೆ ಎಂದು ನಗುತ್ತಾ ಅವರ ಕೈಮೇಲೆ ಕೈಯಿಟ್ಟೆ.

ಈಗ ನನಗೆ ಸಕ್ಕರೆ ಕಾಯಿಲೆ. ಹೊಸನಗರದ ಹತ್ತಿರ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವುದು ನನ್ನ ಕೆಲಸ. ಮಧ್ಯಾಹ್ನದವರೆಗೆ ಅನ್ನದ ಹಬೆಯಲ್ಲೇ ನಿಂತಿರುತ್ತೇನೆ. ನನ್ನ ಅಪ್ಪನಿಗೂ ಇದೇ ಕಾಯಿಲೆ ಇತ್ತು; ಹುಣ್ಣು ಮಾಯದೆ ಪಾದ ತೆಗೆದರು, ಆಮೇಲೆ ಅವರು ಜಗಲಿ ಇಳಿಯಲಿಲ್ಲ. ಮಳೆಗಾಲದ ಶುರುವಿನಲ್ಲಿ ನನ್ನ ಪಾದವೂ ಜೋಮು ಹಿಡಿಯತೊಡಗಿದಾಗ, ಮಗಳು ಲಿಖಿತಾಳ ಮೊಬೈಲಿನಲ್ಲಿ ಕಂಡ, ಅನ್ನ ರೊಟ್ಟಿ ಬಿಡಿ ಎನ್ನುವ ವಿಡಿಯೊ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅನ್ನ ಬಿಟ್ಟೆ, ಸಕ್ಕರೆ ಇಳಿಯಿತು. ರೊಟ್ಟಿ ಬಿಟ್ಟೆ, ಇನ್ನೂ ಇಳಿಯಿತು. ಮನುಷ್ಯನಿಗೆ ನಾರೂ ಬೇಡವೆಂದು ಮತ್ತೊಂದು ವಿಡಿಯೊದವನು ಹೇಳಿದ. ಸೊಪ್ಪು ತರಕಾರಿಯನ್ನೂ ಬಿಟ್ಟು ಮೊಟ್ಟೆ, ಮೀನು, ತುಪ್ಪದ ಮೇಲೆ ನಿಂತೆ. ಸ್ವಲ್ಪ ತಿಂದು ಸಾಕು ಮಾಡುವುದು ನನಗೆ ಗೊತ್ತಿಲ್ಲ. ಒಮ್ಮೆ ಶಾಲೆಯಲ್ಲಿ ರುಚಿ ನೋಡಲು ಬಾಯಿಗೆ ಹಾಕಿಕೊಂಡ ಚಿತ್ರಾನ್ನ ಪಾತ್ರೆಯ ತಳ ಕೆರೆಯುವವರೆಗೆ ನಿಲ್ಲಲಿಲ್ಲ. ಪೂರ್ತಿ ಬಿಟ್ಟರೆ ಮಾತ್ರ ನಾನು ಉಳಿಯುತ್ತೇನೆ.

ಹೊಟ್ಟೆ ಕಲ್ಲಾಯಿತು. ಒಂದು ದಿನ ಶಾಲೆಯ ಒಲೆಯ ಮುಂದೆ ತಲೆ ತಿರುಗಿ ಕೂತುಬಿಟ್ಟೆ. ನನ್ನ ಗಂಡ ಮಾಸ್ತಪ್ಪ ತೀರ್ಥಹಳ್ಳಿಯ ಡಾಕ್ಟರ್ ಗಿರಿಧರರ ಹತ್ತಿರ ಕರೆದುಕೊಂಡು ಹೋದರು.

"ಅನ್ನ ಬಿಟ್ರೆ ಜೀವ ಹೋಗಲ್ಲ ಆಶಾ ಅವ್ರೇ, ಬೇಕಾದಷ್ಟು ಸಕ್ಕರೆ ಲಿವರ್ರೇ ಮಾಡ್ಕೊಳ್ಳುತ್ತೆ," ಎಂದರು ಡಾಕ್ಟರು. "ಆದ್ರೆ ಮಾತ್ರೆ ಮೊದ್ಲಿನಷ್ಟೇ ನುಂಗ್ತಾ ಊಟ ಇಳ್ಸಿದ್ರೆ ತಲೆ ತಿರುಗ್ದೆ ಇನ್ನೇನಾಗುತ್ತೆ? ಕೇಳಿ ಮಾಡ್ಬೇಕಿತ್ತು. ಅದ್ಸರಿ, ಸೊಪ್ಪು ನಿಮ್ಗೆ ಎಂತ ಮಾಡಿತ್ತು?"

"ಅದ್ರಲ್ಲೂ ಕಾರ್ಬ್ ಇದೆ, ಸಕ್ಕರೆ ಏರುತ್ತೆ ಅಂತ..."

"ನಾರು ಸಕ್ಕರೆ ಏರ್ಸಲ್ಲ. ಅದಿಲ್ದೆ ಬದುಕ್ಬಹುದೇನೋ, ಬೆಳಗ್ಗೆ ನಿಮ್ಮ ಪಾಡು ನಿಮ್ಗೇ ಗೊತ್ತು."

"ಮನೇಲಿ ಎಲ್ಲರ್ಗೂ ಗೊತ್ತು ಡಾಕ್ಟ್ರೇ," ಎಂದರು ಇವರು. "ಪಾಯಿಖಾನೆ ಖಾಲಿ ಸಿಕ್ಕಿದ ದಿನ ನಮ್ಗೆ ಹಬ್ಬ."

ಡಾಕ್ಟರು ಮಾತ್ರೆ ಇಳಿಸಿದರು. ಸೊಪ್ಪು ತಿನ್ನಿ, ಅನ್ನದ ಹತ್ತಿರ ಸದ್ಯ ಹೋಗಬೇಡಿ ಎಂದರು. ಅಷ್ಟರಲ್ಲಿ ಭೂಮಿ ಹುಣ್ಣಿಮೆ ಬಂತು.

ಬದುವಿನಲ್ಲಿ, ಕಾಡಂಚಿನಲ್ಲಿ ಸಿಕ್ಕಿದ ಸೊಪ್ಪನ್ನೆಲ್ಲ ಕೊಯ್ದು, ಅಮಟೆಕಾಯಿ ಹಾಕಿ, ಅಕ್ಕಿ ನುಚ್ಚಿನ ಜೊತೆ ಬೇಯಿಸಿದರೆ ಹಚ್ಚಂಬಲಿ. ನುಚ್ಚು ಹಾಕದಿದ್ದರೆ ಅದು ಬರೀ ಸೊಪ್ಪು. ಅದನ್ನು ಹೊಟ್ಟೆ ತುಂಬ ಉಂಡು, ಕಡುಬಿನ ಹೊತ್ತಿಗೆ ಸಾಕಾಯಿತು ಎಂದರೆ ಅತ್ತೆ ಬಿಟ್ಟಾರು ಎಂದುಕೊಂಡೆ. ಅವರು ಕಡುಬು ಬೇಯಿಸಲು ಎಲೆಯ ಕೊಟ್ಟೆ ಕಟ್ಟುತ್ತಾ ಅತ್ತ ತಿರುಗಿದ್ದಾಗ ನುಚ್ಚಿನ ಡಬ್ಬಿಯನ್ನು ಹಾಗೇ ಒಳಗಿಟ್ಟೆ.

ಬೆಳಕು ಹರಿಯುವ ಮೊದಲೇ ಇವರು ಚಿತ್ತಾರದ ಬುಟ್ಟಿ ಹೊತ್ತು ಗದ್ದೆಯ ಸುತ್ತ ಹಚ್ಚಂಬಲಿ ಬೀರಿ ಬಂದರು. ಎಲ್ಲರೂ ಬದುವಿನ ಮೇಲೆ ಸಾಲಾಗಿ ಕೂತೆವು. ನನ್ನ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಇವರು, ಹಿಂದೆ ಮುಂದೆ ಕೆಸರು. ಅತ್ತೆ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದರು.

"ನುಚ್ಚು ಹಾಕ್ಲಿಲ್ವೇನೆ?"

"ಮರ್ತೋಯ್ತು ಅತ್ತೆ."

"ಸುಳ್ಳು ಹೇಳ್ಬ್ಯಾಡ. ಉಪ್ಪು ಮರೀತಾರೆ, ನುಚ್ಚು ಮರೀತಾರಾ?"

ಇವರಿಗೆ ನಗು ತಡೆಯಲಿಲ್ಲ. "ಭೂಮ್ತಾಯಿಗೂ ಡಯೆಟ್ ಮಾಡ್ಸಿದ್ಯಲ್ಲೇ ಮಾರಾಯ್ತಿ!"

"ನಗ್ಬ್ಯಾಡ ಮಗ. ತುಂಬಿದ ಬಸುರಿಗೆ ಬರೀ ಸೊಪ್ಪು ಬಡಿಸಿ ಬಂದಿದೀವಿ. ನಾಳೆ ಕಾಳೆಲ್ಲ ಜೊಳ್ಳಾದ್ರೆ?" ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದು ನನಗೆ ಸಿಟ್ಟಿಗಿಂತ ಕಷ್ಟವಾಯಿತು. ಕೊಟ್ಟೆ ಬಿಚ್ಚಿ ಬಿಸಿ ಆರದ ಕಡುಬನ್ನು ನನ್ನ ಎಲೆಗೆ ಹಾಕಿದರು. "ತಪ್ಪಾಯ್ತು ಅಂದು ಇದೊಂದು ಉಣ್ಣು."

"ಬ್ಯಾಡ ಅಜ್ಜಿ," ಎಂದಳು ಲಿಖಿತಾ. "ಅಮ್ಮ ಒಂದಕ್ಕೆ ನಿಲ್ಸೋದಿಲ್ಲ."

"ಸುಮ್ನಿರೆ. ಸಾಗರದ ಕಾಲೇಜಿಗೆ ಹೋಗಿ ಬಂದು ನಂಗೆ ಉಣ್ಣಕ್ಕೆ ಕಲಿಸ್ತಾಳೆ."

"ಅತ್ತೆ, ನಂಗೆ ಅಪ್ಪನ ಕಾಲು ಕಣ್ಮುಂದೆ ಬರ್ತದೆ," ಎಂದೆ.

"ಗೊತ್ತು ಕಣೆ. ನಾನೂ ನೋಡಿದೀನಿ." ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. "ಒಂದೇ ಒಂದು."

ಎದ್ದು ಹೋಗಬೇಕೆಂದರೆ ಅತ್ತೆಯನ್ನು ದಾಟಿ ಹೋಗಬೇಕಿತ್ತು. ಬೀರಿದ ಸೊಪ್ಪು ಪೈರಿನ ಎಲೆಗಳ ಮೇಲೆ ಅಂಟಿಕೊಂಡಿತ್ತು. ಕಡುಬಿನ ಅಂಚು ಮುರಿದು ಬಾಯಿಗಿಟ್ಟೆ. ಎಲೆಯ ವಾಸನೆ, ಅಕ್ಕಿಯ ಸಿಹಿ. ಆ ಕಡುಬು ಮುಗಿಯಿತು. ಅತ್ತೆಯ ಮುಖ ಸಡಿಲವಾಯಿತು. ಖುಷಿಯಿಂದ ಇನ್ನೊಂದು ಹಾಕಿದರು. ಲಿಖಿತಾ ಎದ್ದು ಮನೆಯ ಕಡೆ ನಡೆದಳು. ಮೂರನೆಯದನ್ನು ಯಾರೂ ಬಡಿಸಲಿಲ್ಲ, ನಾನೇ ಬುಟ್ಟಿಗೆ ಕೈ ಹಾಕಿದೆ.

ಅತ್ತೆಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಂಡೆ.