ಪಾಳಿಯ ಕಲ್ಲು

ಬೆಳಗಾಗಿದೆಯೋ ಇಲ್ಲವೋ ತಿಳಿಯದಂಥ ಮೋಡ, ಮಾರ್ಗಶಿರದಲ್ಲಿ ಇದೆಂಥ ಮೋಡ, ಹನಿ ಉದುರಿಸದೆ ಕುಲಗೋಡದ ಮೇಲೆ ಒದ್ದೆ ಕಂಬಳಿಯ ಹಾಗೆ ಜೋತುಬಿದ್ದಿದೆ, ಬಾವಿಯ ದಂಡೆಗೆ ಬಂದ ವೀರಪ್ಪನ ಹಣೆಯ ವಿಭೂತಿ ಇನ್ನೂ ಆರಿಲ್ಲ, ಸೋಲಾರ್ ಮೋಟರು ಒಮ್ಮೆ ಗುರ್ ಎಂದು ಸುಮ್ಮನಾಯಿತು — ಕಬ್ಬಿನ ಸಸಿಗೆ ಇವತ್ತು ನೀರು ಬೇಕೇ ಬೇಕು, ಬಗಲ ಕಿಸೆಯಲ್ಲಿ ಕಲ್ಲು, ನಡೆದಾಗೆಲ್ಲ ತೊಡೆಗೆ ಬಡಿಯುತ್ತದೆ, ಅಜ್ಜ ಘಟಪ್ರಭೆಯಿಂದ ಆರಿಸಿ ತಂದ ಬಿಳಿ ಕಲ್ಲು, ಎರಡು ಮನೆಗೆ ಒಂದೇ ಬಾವಿ, ಕಲ್ಲು ಯಾರ ಮನೆಯಲ್ಲೋ ಅವತ್ತಿನ ನೀರಿನ ಪಾಳಿ ಅವರದು, ಸಂಜೆಗೆ ಅದು ಬಾಜೂ ಮನೆಗೆ ಹೋಗಬೇಕು, ಮೂರು ತಲೆಮಾರು ಹಾಗೇ ಹೋಗಿದೆ — ಬೇಸಿಗೆಯಲ್ಲಿ ಬಾಜೂ ಮನೆಯ ಗುಡ್ಡವ್ವನ ಕರೆಂಟಿನ ಮೋಟರು ಸುಟ್ಟಾಗ, ನಿನ್ನ ಮೂರು ಪಾಳಿ ನಾನ ತಗೋತೇನವ್ವಾ, ಮಳಿಗಾಲ ಮುಗದ ಮ್ಯಾಲ ಕೊಡತೇನಿ, ಎಂದವನು ಇವನೇ, ಇವನ ಡೀಜೆಲ್ ಇಂಜಿನ್ನು ಬಾವಿಯ ತಳ ಕಾಣುವ ತನಕ ಬಡಿದುಕೊಂಡಿತು, ಹೊಗೆಯೆಲ್ಲ ಅವಳ ಮನೆಯ ಕಡೆಗೆ, ಕೆಮ್ಮುತ್ತಲೇ ಅವಳು ಹೂಂ ಎಂದಿದ್ದಳು, ಮಳೆ ನಿಂತು ಅವಳ ಮೋಟರು ರಿಪೇರಿಯಾದ ಮೇಲೆ ಒಮ್ಮೆ ನಕ್ಕೊಂತ, ಆ ಮೂರು ಪಾಳಿ ನಿಮ್ಮ ಮನ್ಯಾಗ ಕಾವಿಗೆ ಕುಂತಾವೇನ್ರಿ ಅಣ್ಣಾರ, ಮರಿ ಯಾವಾಗ — ಕಲ್ಲು ಮತ್ತೆ ತೊಡೆಗೆ ಬಡಿಯಿತು.

ನಿನ್ನೆ ಅರ್ಚನಾ ಫೋನು ಮಾಡಿದ್ದಳು, ತಮ್ಮನ ಮಗಳು, ರೈತರ ತಂಡದ ಜೊತೆ ದುಭಾಷಿಯಾಗಿ ಹವಾಮಾನದ ಜಾಗತಿಕ ಸಭೆಗೆ ಹೋದವಳು, ಎಲ್ಲಾ ದೇಶದವರೂ ಕುಂತಾರ ದೊಡಪ್ಪಾ, ಕಲ್ಲಿದ್ದಲು, ಎಣ್ಣಿ ಬಿಡೂದು ಖರೆ ಅಂತಾರ, ಯಾವಾಗ ಅಂದ್ರ ಒಬ್ಬರ ಮಾರಿ ಒಬ್ಬರು ನೋಡತಾರ, ಹೆಚ್ಚು ಸುಟ್ಟವರು ಮೊದಲ ಬಿಡಬೇಕಲ್ಲ, ಅವರು ಮೊದಲ ನೀವು ಬಿಡ್ರಿ ಅಂತಾರ — ಇವನು ನಕ್ಕಿದ್ದ, ನಾಚಿಗಿ ಇಲ್ಲೇನವ್ವಾ ಅವರಿಗೆ — ಫೋನು ಇಡುವಾಗ ಅವಳು, ಗುಡ್ಡವ್ವಾಯಿ ಜ್ವಾಳ ಹೆಂಗದಾವು, ಎಂದಳು, ಬರೀ ಕೇಳಿದಳು, ಚಲೋ ಅದಾವ ಎಂದುಬಿಟ್ಟ, ಚಲೋ ಎಲ್ಲಿವೆ, ತೆನೆ ಹೊರಡುವ ಹೊತ್ತಿಗೆ ನೀರು ಸಾಲದೆ ಎಲೆ ಸುರುಳಿ ಸುತ್ತಿವೆ, ಇವತ್ತು ಪೂಜೆಗೆ ಕೂತರೆ ಅಂಗೈಯಲ್ಲಿ ಲಿಂಗ, ಕಣ್ಣೊಳಗೆ ಕಲ್ಲು, ಶಿವನೇ — ಪತ್ರಾಸಿನ ತಗಡಿನ ಕೆಳಗೆ ಡೀಜೆಲ್ ಇಂಜಿನ್ನು ಇನ್ನೂ ಇದೆ, ಪಾಳಿ ತನ್ನದೇ, ಯಾರು ಕೇಳುತ್ತಾರೆ, ಒಮ್ಮೆ ಹ್ಯಾಂಡಲ್ ತಿರುವಿದರೆ ಸಸಿ ಉಳಿಯುತ್ತವೆ, ಮೂರು ಸರದಿ ಬಿಟ್ಟುಕೊಟ್ಟರೆ ವಾರದೊಳಗೆ ಒಣಗುತ್ತವೆ, ಕೈ ಹ್ಯಾಂಡಲ್ ಹಿಡಿದೇ ಬಿಟ್ಟಿದೆ, ತಣ್ಣಗಿನ ಕರಿ ಎಣ್ಣೆ ಬೆರಳಿಗೆ, ಅದೇ ಬೆರಳು ಕಿಸೆಗೆ ಹೋಗಿ ಕಲ್ಲು ಹೊರತೆಗೆಯಿತು, ಬಿಳಿಯ ಮೇಲೆ ಹೆಬ್ಬೆರಳ ಕರಿ ಗುರುತು, ಧೋತರದ ಚುಂಗಿನಿಂದ ಒರೆಸಿದ, ಇನ್ನಷ್ಟು ಹರಡಿತು, ಒರೆಸುತ್ತಲೇ ನಡೆದ, ಒಡ್ಡಿನ ಮೇಲೆ ಗುಡ್ಡವ್ವ ಕಸ ತೆಗೆಯುತ್ತ ಕೂತಿದ್ದಾಳೆ, ತಲೆ ಎತ್ತಲಿಲ್ಲ, ಅವನು ಬಾಗಿ ಕಲ್ಲು ಮುಂದೆ ಹಿಡಿದ — ಇವತ್ತಿಂದ ಮೂರೂ ನಿಂದವ್ವಾ — ಮತ್ತ ನಿಮ್ಮ ಸಸಿ, ಅಣ್ಣಾರ — ಅವನು ಕಲ್ಲನ್ನು ಇನ್ನಷ್ಟು ಮುಂದೆ ಚಾಚಿದ, ಅವಳು ಮಣ್ಣುಗೈಯನ್ನು ಸೆರಗಿಗೆ ಒರೆಸಿಕೊಂಡು ಕಲ್ಲು ತಗೊಂಡಳು, ಅಂಗೈಯಲ್ಲಿ ಒಮ್ಮೆ ಹೊರಳಿಸಿ ನೋಡಿದಳು, ಬಿಳಿ ಕಲ್ಲು, ಅದರ ಮೇಲೆ ಅವನ ಹೆಬ್ಬೆರಳು, ಕರ್ರಗೆ.