ಜೋಡಿನ ಮರದ ಒಂಟೆ

ಆ ದಿನ ಬೆಳಿಗ್ಗೆ ಕಾಲುವೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಆಗಸ್ಟ್ ತಿಂಗಳಲ್ಲಿ ಓಸ್ಟರ್‌ಹಾವೆನ್‌ನಲ್ಲಿ ಅದು ಅಪರೂಪವೇನಲ್ಲ. ರಾತ್ರಿಯೆಲ್ಲ ಸಮುದ್ರ ಬಿಟ್ಟ ಉಸಿರು ಹೊತ್ತೇರುವ ತನಕ ಹುಲ್ಲುಗಾವಲಿನ ಮೇಲೆಯೇ ಮಲಗಿರುತ್ತದೆ. ಸೇತುವೆ ಕಾಯುವ ಹಾರ್ಮ್ ಬೌಮಾನಿಗೆ ದೋಣಿ ಕಾಣಲಿಲ್ಲ, ಅದರ ಗಂಟೆ ಮಾತ್ರ ಕೇಳಿಸಿತು. ಚಕ್ರ ತಿರುಗಿಸಿ ಸೇತುವೆ ಎತ್ತಿದ. ಆಲೂಗಡ್ಡೆ ತುಂಬಿದ ದೋಣಿ ಹಾದುಹೋಗುವಾಗ ಅದರ ಯಜಮಾನ ಮಂಜಿನೊಳಗಿಂದಲೇ ಕೇಳಿದ:

"ಏನ್ ಹಾರ್ಮ್, ಇವತ್ತಾದ್ರೂ ಗೆಲ್ತೀಯೋ, ಇಲ್ಲಾ ಇವತ್ತೂ ನೆಂಟರಿಗೆ ಬಡಿಸಿ ಕಳಿಸ್ತೀಯೋ?"

"ಬಡಿಸಿ ಬಡಿಸಿ ಪಾತ್ರೆ ಖಾಲಿ ಆಯ್ತು ಮಾರಾಯ. ಇವತ್ತು ಕೊಡೋಕೆ ಏನೂ ಉಳಿದಿಲ್ಲ."

ದೋಣಿಯವನ ನಗು ನೀರಿನ ಮೇಲೆ ದೂರದವರೆಗೆ ಹೋಯಿತು.

ಯುದ್ಧ ಮುಗಿದು ಒಂದು ವರ್ಷ ದಾಟಿತ್ತಷ್ಟೆ. ಊರಿನ ಸಭಾಭವನದ ಕಿಟಕಿಗಳಿಗೆ ಇನ್ನೂ ಗಾಜು ಬಂದಿರಲಿಲ್ಲ, ಹಲಗೆ ಹೊಡೆದಿದ್ದರು. ಆದರೂ ಚೆಸ್ ಕ್ಲಬ್ಬಿನವರು ಹಟ ಹಿಡಿದು ದೇಶದೇಶದ ಆಟಗಾರರನ್ನು ಕರೆಸಿದ್ದರು. ಬಂದವರಲ್ಲಿ ಕೆಲವರು ಯಾರದೋ ಕೋಟು ಹಾಕಿಕೊಂಡು ಬಂದಿದ್ದರು. ತೋಳು ಅಂಗೈವರೆಗೆ ಇಳಿಯುತ್ತಿತ್ತು. ಅವರಿಗೆಂದು ಊರಿನ ಹೆಂಗಸರು ರೇಷನ್ನಿನ ಬೆಣ್ಣೆ ಉಳಿಸಿಟ್ಟಿದ್ದರು. ನಾರ್ವೆಯವರೊಬ್ಬರಿಗೆ ಪ್ರಯಾಣದ ಅನುಮತಿ ಸಿಗದೆ ಒಂದು ಕುರ್ಚಿ ಖಾಲಿ ಉಳಿದಾಗ, ಊರಿನಲ್ಲಿ ಚೆನ್ನಾಗಿ ಆಡುವವನೆಂದು ಹಾರ್ಮ್‌ನನ್ನು ಕೂರಿಸಿದರು. ಅಲ್ಲಿಂದ ಅವನು ಸೋಲುತ್ತಲೇ ಬಂದಿದ್ದ. ಆ ದಿನದ್ದು ಕೊನೆಯ ಆಟ. ಅದೊಂದನ್ನು ಗೆಲ್ಲಬೇಕು ಎನ್ನುವುದು ಬಿಟ್ಟರೆ ಅವನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

ಕೊನೆಯ ಆಟಕ್ಕೆ ಅವನು ಮನೆಯಿಂದ ಒಂದು ಹಳೆಯ ಚೆಸ್ ಸೆಟ್ಟು ತಂದ. ತೀರ್ಪುಗಾರರಾಗಿದ್ದ ನಿವೃತ್ತ ಮೇಷ್ಟ್ರು ಟೆನ್ ಹಾವ್ ಕಾಯಿಗಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. ಕಪ್ಪು ಕಾಯಿಗಳಲ್ಲಿ ಒಂದು ಒಂಟೆ ಒಂಟೆಯ ಹಾಗಿಲ್ಲ, ಗಿಡ್ಡಗೆ ಕಾಲಾಳಿನ ಹಾಗಿದೆ ಎಂದರು.

"ಮೌರಿಟ್ಸ್ ಇದ್ದಿದ್ರೆ ಇದ್ರಲ್ಲೇ ಆಡೋನು ಮೇಷ್ಟ್ರೇ."

ಆ ಹೆಸರು ಬಂದ ಮೇಲೆ ಊರಿನಲ್ಲಿ ಯಾರೂ ಮಾತು ಮುಂದುವರಿಸುತ್ತಿರಲಿಲ್ಲ. ಮೇಷ್ಟ್ರು ತಾವೇ ಕಾಯಿಗಳನ್ನು ಮಣೆಯ ಮೇಲೆ ಜೋಡಿಸಿದರು.

ಸೆಟ್ಟು ಬಟ್ಟೆ ಅಂಗಡಿಯ ಮೌರಿಟ್ಸ್ ಡ ಫ್ರೀಸ್‌ನದು. ಅದನ್ನು ಸೇತುವೆಯ ಕೋಣೆಯಲ್ಲೇ ಇಟ್ಟಿದ್ದ; ಯುದ್ಧಕ್ಕೆ ಮೊದಲಿನಿಂದಲೂ ಪ್ರತಿ ಗುರುವಾರ ಸಂಜೆ ಅಲ್ಲಿಗೆ ಆಡಲು ಬರುತ್ತಿದ್ದ. ಒಲೆಯ ಮೇಲೆ ಕಾಫಿ, ಕಿಟಕಿಯಾಚೆ ಕಾಲುವೆ, ನಡುವೆ ಮಣೆ. ದೋಣಿಯ ಗಂಟೆ ಕೇಳಿದರೆ ಹಾರ್ಮ್ ಆಟ ಬಿಟ್ಟು ಸೇತುವೆ ಎತ್ತಲು ಹೋಗಬೇಕು. ಆಗೆಲ್ಲ ಮೌರಿಟ್ಸ್ ಕುರ್ಚಿಯನ್ನು ತಿರುಗಿಸಿ ಮಣೆಗೆ ಬೆನ್ನು ಹಾಕಿ ನೀರು ನೋಡುತ್ತಾ ಕೂರುತ್ತಿದ್ದ. ಗೆಳೆಯ ಕೆಲಸದಲ್ಲಿರುವಾಗ ತಾನು ಆಟ ಯೋಚಿಸುವುದು ಅವನ ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಹಾರ್ಮ್ ಎಷ್ಟು ಸಲ ನಕ್ಕರೂ ಬಿಡಲಿಲ್ಲ. ಮುಂದೊಂದು ದಿನ ನಮ್ಮೂರಿಗೂ ದೊಡ್ಡ ಆಟಗಾರರು ಬರುತ್ತಾರೆ, ಆಗ ನೀನು ಒಬ್ಬನನ್ನಾದರೂ ಸೋಲಿಸಬೇಕು, ನಾನು ಮುಂದಿನ ಸಾಲಿನಲ್ಲಿ ಕೂತು ನೋಡಬೇಕು ಎನ್ನುತ್ತಿದ್ದ.

ಮರೆವಿನ ಮನುಷ್ಯ. ಹೊಡೆದ ಕಾಯಿಯನ್ನು ಬೆರಳಲ್ಲಿ ಆಡಿಸುತ್ತಾ ಜೇಬಿಗೆ ಇಳಿಸಿ, ಹಾಗೆಯೇ ಮನೆಗೆ ಹೋಗಿಬಿಡುತ್ತಿದ್ದ. ಮುಂದಿನ ಗುರುವಾರ ತಂದಿಡುತ್ತಿದ್ದ. ಕೊನೆಯ ಗುರುವಾರ ಅವನ ಜೇಬಿನಲ್ಲಿ ಹೋದದ್ದು ಕಪ್ಪು ಒಂಟೆ. ಮುಂದಿನ ಗುರುವಾರಕ್ಕೆ ಮೊದಲೇ ಅವನ ಮನೆಯ ಮುಂದೆ ಯಹೂದಿಗಳನ್ನು ಒಯ್ಯುವ ಜರ್ಮನ್ನರ ಲಾರಿ ಬಂದು ನಿಂತಿತು; ಅವನು ಮತ್ತೆ ಬರಲಿಲ್ಲ. ಆ ಚಳಿಗಾಲದಲ್ಲಿ ಹಾರ್ಮ್ ತನ್ನ ಕಾಲಿನ ಒಡೆದ ಮರದ ಜೋಡಿನಿಂದ ಒಂದು ತುಂಡು ಕೆತ್ತಿ, ಒಲೆಯ ಮಸಿ ಬಳಿದು, ಖಾಲಿ ಜಾಗದಲ್ಲಿಟ್ಟ. ತಲೆ ಸರಿಯಾಗಿ ಬರಲಿಲ್ಲ. ಅವನೊಡನೆ ಆಡುವ ಊರಿನವರಿಗೆ ಅದೇ ಒಂಟೆಯೆಂದು ರೂಢಿಯಾಯಿತು.

ಎದುರಾಳಿ ದೂರದ ಬ್ರನೋ ಊರಿನ ಯಾರೊಮೀರ್ ಝೆಲೆಂಕಾ. ಕೆನ್ನೆ ಒಳಗೆ ಹೋದ, ಮೆಲ್ಲಗೆ ಕೆಮ್ಮುವ ಮನುಷ್ಯ. ಇಬ್ಬರಿಗೂ ಜರ್ಮನ್ ಬರುತ್ತಿತ್ತು. ಆದರೆ ಆ ಬೇಸಿಗೆಯಲ್ಲಿ ಆ ಭವನದಲ್ಲಿ ಆ ಭಾಷೆ ಆಡಲು ಯಾರ ನಾಲಿಗೆಯೂ ಏಳುತ್ತಿರಲಿಲ್ಲ. ತಲೆಬಾಗಿ ಕೈಕುಲುಕಿದರು, ಹಾರ್ಮ್ ಬಿಳಿ ಕಾಯಿಗಳಿಗೆ, ಝೆಲೆಂಕಾ ಕಪ್ಪು ಕಾಯಿಗಳಿಗೆ ಕೂತರು.

ಹಾರ್ಮ್ ಎಂದೂ ಆಡದ ಹಾಗೆ ಆಡಿದ. ಮಧ್ಯಾಹ್ನ ಇಳಿಯುವ ಹೊತ್ತಿಗೂ ಆಟ ಸಮವಾಗಿಯೇ ಇತ್ತು. ಗೋಡೆಗೆ ತೂಗುಹಾಕಿದ್ದ ದೊಡ್ಡ ಮಣೆಯ ಮೇಲೆ ಒಬ್ಬ ಉದ್ದ ಕೋಲಿನಿಂದ ಕಾಯಿಗಳನ್ನು ಸರಿಸುತ್ತಿದ್ದಂತೆ ಜನ ಮುಂದೆ ಮುಂದೆ ಬಂದು ನಿಂತರು. ಝೆಲೆಂಕಾನ ಗಡಿಯಾರದಲ್ಲಿ ಹೊತ್ತು ಮುಗಿಯುತ್ತ ಬಂತು. ಅವನು ಅವಸರದಲ್ಲಿ ಕೈ ಚಾಚಿದ. ಮುಂದೊತ್ತಬೇಕಾಗಿದ್ದ ಕಾಲಾಳಿನ ಪಕ್ಕದಲ್ಲೇ ಆ ಗಿಡ್ಡ ಒಂಟೆ ನಿಂತಿತ್ತು. ಬೆರಳುಗಳು ಕಾಲಾಳೆಂದು ಅದನ್ನೇ ಹಿಡಿದವು.

ಹಿಡಿದ ಕೂಡಲೆ ಅವನಿಗೆ ಗೊತ್ತಾಯಿತು. ಕೈ ಹಿಂದೆಗೆದು ಹಾರ್ಮ್‌ನ ಮುಖ ನೋಡಿದ. ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಈ ಆಟ ಆಡುವವರಿಗೆ ಯಾವ ದೇಶದಲ್ಲೂ ಬೇರೆ ಕಾನೂನಿಲ್ಲ. ಹಾರ್ಮ್ ಮಣೆಯ ಕಡೆ ಬಾಗಿದ. ಆಮೇಲೆ ಬೆರಳು ಚಾಚಿ ಒಂಟೆಯನ್ನು ತೋರಿಸಿದ.

ಝೆಲೆಂಕಾ ವಾದಿಸಲಿಲ್ಲ. ಒಂಟೆಯನ್ನು ಸರಿಸಿದ. ಅದು ಕಾಯುತ್ತಿದ್ದ ಕುದುರೆ ಒಂಟಿಯಾಯಿತು. ಹಾರ್ಮ್ ಅದನ್ನು ಹೊಡೆದ. ಆಟವನ್ನು ಅಲ್ಲಿಗೆ ನಿಲ್ಲಿಸುವ ಹೊತ್ತಾಗಿತ್ತು. ಝೆಲೆಂಕಾ ವಾಡಿಕೆಯಂತೆ ತನ್ನ ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಮೇಷ್ಟ್ರ ಕೈಗೆ ಕೊಟ್ಟ. ಉಳಿದದ್ದು ಊಟವಾದ ಮೇಲೆ. ಹೊರಗೆ ಜನ ಹಾರ್ಮ್‌ನ ಬೆನ್ನು ತಟ್ಟಿದರು. ಬೇಕರಿಯವನು ನಾಳೆ ನಿನ್ನ ಹೆಸರಿನಲ್ಲಿ ಒಂದು ಬ್ರೆಡ್ ಸುಡುತ್ತೇನೆ, ಅದೂ ನಿನ್ನಷ್ಟೇ ಗಟ್ಟಿ ಇರುತ್ತದೆ ಎಂದ.

ಮನೆಯಲ್ಲಿ ಹೆಂಡತಿ ಫ್ರೌಕೆ ಬೀನ್ಸು, ಆಲೂಗಡ್ಡೆ ಬೇಯಿಸಿಟ್ಟಿದ್ದಳು. ಇಬ್ಬರೂ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಊಟ ಮಾಡುತ್ತಾ ಹಾರ್ಮ್ ನಡೆದದ್ದನ್ನೆಲ್ಲ ಹೇಳಿದ. ಗೆಲುವು ಇನ್ನು ಕೈಯಲ್ಲೇ ಇದೆ ಎಂದ. ಮೌರಿಟ್ಸ್‌ನ ಒಂಟೆಯೇ ಗೆಲ್ಲಿಸಿತು ನೋಡು ಎಂದ. ಅವಳು ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು.

"ನಮ್ಮ ಅಟ್ಟದ ಮೆಟ್ಟಿಲು ಒಂದು ಮುರಿದಿದೆಯಲ್ಲ, ನಾವು ಯಾವತ್ತಾದ್ರೂ ಎಡವಿದ್ದೀವಾ?"

"ಇಲ್ಲ. ನಮಗೆ ಗೊತ್ತಲ್ಲ."

"ನೆಂಟರು ಬಂದ್ರೆ?"

"ಮೊದ್ಲೇ ಹೇಳ್ತೀವಿ." ಅವನ ಕೈಯ ಚಮಚ ತಟ್ಟೆಯ ಮೇಲೆ ನಿಂತಿತು. "ಅವ್ರು ಬೆಳಗ್ಗೆಯಿಂದ ಆ ಒಂಟೆ ನಡೆಸ್ತಾನೇ ಇದ್ರು ಫ್ರೌಕೆ. ಗೊತ್ತಿಲ್ದೆ ಏನಿಲ್ಲ."

"ಹತ್ತುವಾಗ ನೋಡಿರ್ತಾರೆ, ಹಾರ್ಮ್. ಇಳಿಯೋ ಅವಸರದಲ್ಲಿ ಯಾರಿಗೆ ನೆನಪಿರುತ್ತೆ."

ಅವಳು ತಟ್ಟೆಗಳನ್ನು ಬದಿಗೆ ಸರಿಸಿದಳು. ಬೈಬಲ್ ತೆಗೆದು ಆ ದಿನದ ಭಾಗವನ್ನು ಓದಿದಳು. ಹಾರ್ಮ್‌ನ ಕಿವಿಗೆ ಒಂದು ಪದವೂ ಬೀಳಲಿಲ್ಲ. ಕಿಟಕಿಯಾಚೆ ಸೇತುವೆಯ ಕೋಣೆ ಕಾಣುತ್ತಿತ್ತು. ಬಿಸಿಲು ಓರೆಯಾಗಿ ಅದರ ಗೋಡೆಯ ಮೇಲೆ ಬಿದ್ದಿತ್ತು. ಬೆನ್ನು ಹಾಕಿ ಕೂತು ನೀರು ನೋಡುತ್ತಿದ್ದವನು ಅಲ್ಲೇ ಇದ್ದಾನೆ, ಕರೆದರೆ ತಿರುಗುತ್ತಾನೆ ಎನ್ನಿಸಿತು. ಆದರೆ ಊರಿನವರೆಲ್ಲ ಕಾಯುತ್ತಿದ್ದರು. ಇಂಥ ಗೆಲುವು ಇನ್ನೊಮ್ಮೆ ತನ್ನ ಬಾಗಿಲಿಗೆ ಬರುವುದಿಲ್ಲವೆಂದೂ ಅವನಿಗೆ ಗೊತ್ತಿತ್ತು. ಟೋಪಿ ತೆಗೆದುಕೊಂಡು ಮೆಲ್ಲಗೆ ಹೊರಟ.

ಭವನ ಕಿಕ್ಕಿರಿದಿತ್ತು. ಮೇಷ್ಟ್ರು ಲಕೋಟೆ ಒಡೆದು ಝೆಲೆಂಕಾನ ನಡೆಯನ್ನು ಮಣೆಯ ಮೇಲೆ ನಡೆಸಿ ಗಡಿಯಾರ ಶುರುಮಾಡಿದರು. ಈಗ ಹಾರ್ಮ್‌ನ ಸರದಿ. ಅವನು ಬಹಳ ಹೊತ್ತು ಮಣೆಯನ್ನೂ ಅದರ ಪಕ್ಕದಲ್ಲಿದ್ದ, ತಾನು ಹೊಡೆದ ಕಪ್ಪು ಕುದುರೆಯನ್ನೂ ನೋಡಿದ. ಹಿಂದೆ ಯಾರೋ ಕೆಮ್ಮಿದರು. ದೋಣಿಯ ಯಜಮಾನ ಮುಂದಿನ ಸಾಲಿನಲ್ಲಿ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ.

ಹಾರ್ಮ್ ತನ್ನ ಬಿಳಿ ಕುದುರೆಯನ್ನು ಎತ್ತಿ ಕಪ್ಪು ಕಾಲಾಳಿನ ಬಾಯಿಗೆ ಸಿಗುವ ಮನೆಯಲ್ಲಿ ಇಟ್ಟ. ಅದಕ್ಕೆ ಯಾವ ಕಾಯಿಯ ಕಾವಲೂ ಇರಲಿಲ್ಲ.

ಗೋಡೆಯ ಮಣೆಯ ಹತ್ತಿರ ಕೋಲು ಹಿಡಿದವನು ತಾನೇ ತಪ್ಪು ನೋಡಿದೆನೇನೋ ಎಂದು ಕತ್ತು ಚಾಚಿ ಮತ್ತೊಮ್ಮೆ ನೋಡಿದ. ಜನರ ನಡುವೆ ಅಯ್ಯೋ ಎನ್ನುವ ಸಣ್ಣ ಸದ್ದು ಎದ್ದು ಅಡಗಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಝೆಲೆಂಕಾ ಕುದುರೆಯನ್ನು ನೋಡಿ, ಆಮೇಲೆ ತಲೆಯೆತ್ತಿ ಹಾರ್ಮ್‌ನನ್ನು ನೋಡಿದ.

ಹಾರ್ಮ್ ಕುದುರೆಯಿಂದ ಬೆರಳು ತೆಗೆದು, ಗಡಿಯಾರದ ಗುಂಡಿಯನ್ನು ಮೆಲ್ಲಗೆ ಒತ್ತಿ, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡ.