ಬಾವಿ, ಕುಡಿ

ನೂರಿಪ್ಪತ್ತು ಗೆಜ್ಜೆಗಳಲ್ಲಿ ಕಲ್ಲೇಶನಿಗೆ ನೂರಾ ಹತ್ತೊಂಬತ್ತು ಸಿಕ್ಕಿದ್ದವು. ನಾಲ್ಕು ಗಂಟೆಗೆ ಪಟ್ಟಿ ಕಳಿಸಬೇಕು. ಆಗಲೇ ಎರಡೂ ಮುಕ್ಕಾಲು.

ವಿಡಿಯೋ ಆಟದ ನಾಯಕ ಒಂದು ಆಡು. ಕೋಟೆಯ ಗೋಡೆಯಿಂದ ಗೋಡೆಗೆ ಜಿಗಿಯುತ್ತ, ಮುಳ್ಳು ತಪ್ಪಿಸುತ್ತ, ಬಚ್ಚಿಟ್ಟ ಗೆಜ್ಜೆಗಳನ್ನು ಅದು ಕೂಡಿಸಬೇಕು. ಪ್ರತಿ ಗೆಜ್ಜೆಗೂ ಒಂದು ಕಲ್ಲು, ಕಲ್ಲಿನ ಮೇಲೆ ತೆಲುಗಿನಲ್ಲಿ ಎರಡೇ ಪದದ ಸುಳಿವು. ಬಿಡುಗಡೆಗೆ ಮುಂಚೆ ಎಲ್ಲ ಗೆಜ್ಜೆಗಳೂ ಸಿಗುತ್ತವೆಯೇ, ಸುಳಿವುಗಳು ಸರಿ ಇವೆಯೇ ಎಂದು ಆಡಿ ನೋಡಿ, ಪಟ್ಟಿಯಲ್ಲಿ ಗುರುತು ಹಾಕುವುದು ಕಲ್ಲೇಶನ ಕೆಲಸ. ಈ ಪಟ್ಟಿ ಸರಿಯಾಗಿ ಬಂದರೆ ನೌಕರಿ ಕಾಯಂ ಎಂದಿದ್ದ ಮೇಲಧಿಕಾರಿ ಅರವಿಂದ್.

ತನ್ನೂರು ಇಂಡಿಯಿಂದ ಬಂದು ತೆಲುಗು ಸೀಮೆಯ ಕೂಕಟ್‌ಪಲ್ಲಿಯ ಸೋದರತ್ತೆ ಗುಂಡಮ್ಮನ ಮನೆಯಲ್ಲಿ ಇಳಿದು ಒಂದೂವರೆ ತಿಂಗಳಾಗಿತ್ತು. ಸಂದರ್ಶನದಲ್ಲಿ ತೆಲುಗು ಬರುತ್ತದೆಯೇ ಎಂದು ಕೇಳಿದಾಗ ಬರುತ್ತದೆ ಎಂದಿದ್ದ. ಪೂರ್ತಿ ಸುಳ್ಳಲ್ಲ. ಅಕ್ಷರಗಳು ಹೆಚ್ಚುಕಡಿಮೆ ಕನ್ನಡದವೇ, ಓದಿಬಿಡುತ್ತಿದ್ದ. ಅರ್ಥದ ಮಾತು ಬೇರೆ.

ಮೂರನೇ ಕೋಟೆಯ ಕಲ್ಲಿನ ಮೇಲೆ 'ಬಾವಿ, ಕುಡಿ' ಎಂದಿತ್ತು. ಇದೊಂದಾದರೂ ಸಲೀಸಾಗಿ ತಿಳಿಯಿತಲ್ಲ ಎಂದು ಬೆಳಿಗ್ಗೆ ಖುಷಿಪಟ್ಟಿದ್ದ. ಆಗಿನಿಂದ ಆಡನ್ನು ಬಾವಿ ಕಟ್ಟೆಯ ಮೇಲೆ ನಿಲ್ಲಿಸಿ ಮತ್ತೆ ಮತ್ತೆ ತಲೆ ಬಗ್ಗಿಸುತ್ತಿದ್ದ. ನೀರಿಗೆ ಬೀಳಿಸಿ ಐದು ಸಲ ಕೊಂದೂ ನೋಡಿದ. ಕಾಲು ಸುಮ್ಮನೆ ಕುಣಿಯುತ್ತಿತ್ತು. ಎದ್ದು ಬಾಗಿಲವರೆಗೆ ಹೋದ, ಮತ್ತೆ ಬಂದು ಕೂತ.

ಅರವಿಂದ್ ಫೋನ್ ಮಾಡಿದ. ರಾಯಚೂರಿನವನು, ಕನ್ನಡ, ತೆಲುಗು ಎರಡೂ ಅವನಿಗೆ ಸಮ.

"ಏನ್ರಿ ಕಲ್ಲೇಶ, ಒಂದ್ ಗೆಜ್ಜಿಗೆ ಎಷ್ಟೊತ್ತು?"

"ಸರ್, ಆಡು ನೀರು ಕುಡಿಯವಲ್ದು."

"ಅದ್ಯಾಕ್ ಕುಡೀಬೇಕ್ರಿ? ಬ್ಯಾಸಗಿ ಹತ್ತೈತೇನ್ ಅದಕ್ಕ? ಸಿಗದಿದ್ರ ದೋಷ ಐತಿ ಅಂತ ಬರದು ಕಳಸ್ರಿ. ಕೋಟಿ, ಸುಳಿವು ಎಲ್ಲಾ ಹರ್ಷಿತಾ ಮಾಡಿದ್ದು, ಆಕೀನ ನೋಡ್ಲಿ. ನಾಕಕ್ಕ ಪಟ್ಟಿ ಬೇಕು ನನಗ."

'ಬಾವಿ ನೀರು ಕುಡಿಯಲು ಆಗುತ್ತಿಲ್ಲ' ಎಂದು ಕಲ್ಲೇಶ ಬರೆಯತೊಡಗಿದ. ಹೊರಗಿನ ಕೋಣೆಯಲ್ಲಿ ಗುಂಡಮ್ಮ ಗ್ಯಾಸ್ ಸಿಲಿಂಡರ್ ತರುವವನಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದಳು.

"ಗುಡಿ ದಗ್ಗರ ಕುಡಿಕಿ ತಿರುಗು ಬಾಬೂ. ಕುಡಿಕಿ! ಎಡಮ ಕಾದು!"

ಕಲ್ಲೇಶನ ಬೆರಳು ನಿಂತಿತು.

"ಅತ್ತಿ, ಅವಗ ಏನ್ ಕುಡಿ ಅಂದ್ರಿ?"

"ಸಿಲಿಂಡರ್ ತರಾವಗ ನಾ ಯಾಕ್ ಕುಡಿ ಅನ್ನಲಿ? ಗುಡಿ ಹತ್ರ ಬಲಕ್ಕ ಹೊಳ್ಳು ಅಂದೆ. ಕುಡಿ ಅಂದ್ರ ಬಲಕ್ಕೋ, ಹುಚ್ಚಪ್ಪ! ತೆಲುಗು ಬರತೈತಿ ಅಂತ ನೌಕರಿ ಹಿಡದಾಂವ ನೀನ ಅಲ್ಲೇನು?"

ಅವನು ಆಡನ್ನು ಬಾವಿಯ ಬಲಕ್ಕೆ ಓಡಿಸಿ ಗೋಡೆಗೆ ಗುದ್ದಿಸಿದ. ಗೋಡೆ ಪೊಳ್ಳು. ಒಳಗೆ ಗೆಜ್ಜೆ ಘಲ್ಲೆಂದಿತು. ನೂರಿಪ್ಪತ್ತು. ಪರದೆಯ ಮೇಲೆ ಹೂ ಸುರಿದವು. ಗಂಟೆ ಮೂರೂ ಇಪ್ಪತ್ತು.

ಕಾಲು ಮಾತ್ರ ಕುಣಿಯುವುದನ್ನು ನಿಲ್ಲಿಸಲಿಲ್ಲ. ಪಟ್ಟಿ ತೆರೆದ. ಒಂದೊಂದು ಗೆಜ್ಜೆಯ ಮುಂದೆಯೂ 'ಸುಳಿವು ಸರಿ ಇದೆ' ಎಂದು ಅವನೇ ಹಾಕಿದ ಗುರುತು. ಅರ್ಥ ತಿಳಿಯದೆ ಬರೀ ಅಕ್ಷರ ಓದಿ ಹಾಕಿದ್ದವು ಅಷ್ಟೂ. ಗೆಜ್ಜೆ ಹುಡುಕಿದ್ದು ಸುಳಿವಲ್ಲ, ಕಣ್ಣು, ಹೆಬ್ಬೆರಳು. ಕಳಿಸುವ ಗುಂಡಿ ಕೆಳಗೇ ಇತ್ತು. ಒತ್ತಿದರೆ ಮುಗಿಯಿತು, ಕೇಳುವವರಿಲ್ಲ. ಸುಳಿವು ತಪ್ಪಿದ್ದರೆ ಆಡುವವರು ಬೈಯುವುದು ಹರ್ಷಿತಾಳನ್ನು.

"ಮಾರಿ ನೋಡು ಹೆಂಗ್ ಬಾಡೇತಿ. ಕುಡಿ," ಎಂದು ಅತ್ತೆ ನೀರಿನ ಲೋಟ ತಂದಿಟ್ಟಳು. ಅವನಿಗೆ ನಗು ಬರಲಿಲ್ಲ. ನೀರು ಕುಡಿದು ಅರವಿಂದ್‌ಗೆ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದ.

ಅರವಿಂದ್ ಒಂದೇ ಮಾತು ಕೇಳಿದ.

"ನೂರಿಪ್ಪತ್ತರಾಗ ಎಷ್ಟು ಸುಳಿವು ತಿಳದ್ ಗುರುತು ಹಾಕೀರಿ?"

"ಒಂದು, ಸರ್. ಈಗಷ್ಟ."

"ಹರ್ಷಿತಾಗ ನೀವ ಹೇಳ್ರಿ, ಪಟ್ಟಿ ಇವತ್ತ ಬರಂಗಿಲ್ಲ ಅಂತ. ನಾಳಿ ಹನ್ನೊಂದಕ್ಕ ಬೇಕು. ಯಾರನ್ನ ಕೇಳ್ತೀರೋ ಕೇಳ್ರಿ. ನೌಕರಿ ಮಾತು ಆಮ್ಯಾಲ."

ಕಲ್ಲೇಶ ಗುರುತುಗಳನ್ನೆಲ್ಲ ಅಳಿಸಿ, ಆಡನ್ನು ಮೊದಲನೇ ಕೋಟೆಯ ಬಾಗಿಲ ಕಲ್ಲಿನ ಮುಂದೆ ತಂದು ನಿಲ್ಲಿಸಿದ.

"ಅತ್ತಿ, ಚಾಳೀಸು ಹಾಕ್ಕೊಂಡು ಇಲ್ಲಿ ಬರ್ರಿ. 'ಚೆಟ್ಟು ವೆನಕ' ಅಂದ್ರ ಏನ್ರಿ?"